ಮಳೆ ಬಿಸಿಲು ತಿಂದ ಹಾಸುಗಲ್ಲಿನ ಸವೆತ ಪರೀಕ್ಷೆ: ಮುಖ ಕೊಯ್ದು ತೆಗೆದ ಮೇಲೆ ಅಳೆದದ್ದು ಯಾವ ಕಲ್ಲನ್ನು?

ಹಾಸುಗಲ್ಲು:
ಎಲ್ಲರಿಗೂ ನಮಸ್ಕಾರ. ಒಂದು ಹಳೆಯ ಕಟ್ಟಡದ ದುರಸ್ತಿ ನೋಡಿಕೊಳ್ಳುತ್ತಿದ್ದೇನೆ. ಅಂಗಳದ ಚಪ್ಪಡಿ, ಮೆಟ್ಟಿಲು ಎಲ್ಲವೂ ಮರಳುಗಲ್ಲು. ತಲೆಮಾರುಗಳಿಂದ ಬಯಲಲ್ಲೇ ಇವೆ. ಇವನ್ನೇ ಎಬ್ಬಿಸಿ, ಕೆಳಗಿನ ನೆಲ ಸರಿಮಾಡಿ, ಮತ್ತೆ ಹಾಸಬೇಕು ಅನ್ನುವುದು ಯೋಜನೆ.

ಕಲ್ಲು ಇನ್ನೂ ಓಡಾಟ ತಡೆಯುತ್ತದಾ ಎಂದು ತಿಳಿಯಲು ಆರು ತುಂಡುಗಳನ್ನು ಸವೆತ ಪರೀಕ್ಷೆಗೆ ಕಳಿಸಿದೆವು. ಕಲ್ಲನ್ನು ತಿರುಗುವ ತಟ್ಟೆಗೆ ಒತ್ತಿ ತೇಯುವ ಬೋಮೆ ಯಂತ್ರದಲ್ಲಿ ಮಾಡಿದ್ದರು. ಸರಾಸರಿ ಚೆನ್ನಾಗಿಯೇ ಬಂತು. ಗಣಿಯಿಂದ ಹೊಸದಾಗಿ ತೆಗೆದ ಅದೇ ಜಾತಿಯ ಕಲ್ಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ನೆಮ್ಮದಿಯಾಗಿ ಒಂದು ತುಂಡು ದಾರಿ ಹಾಸಿದೆವು. ಕೆಲಸದವರು ಓಡಾಡಿದ ಕೆಲವೇ ವಾರಗಳಲ್ಲಿ ಕೆಲವು ಚಪ್ಪಡಿಗಳು ಮರಳು ಬಿಡತೊಡಗಿದವು. ಕೈಯಲ್ಲಿ ಸವರಿದರೆ ಅಂಗೈ ತುಂಬ ಕಾಳು.

ವಿಚಾರಿಸಿದಾಗ ತಿಳಿಯಿತು: ಪರೀಕ್ಷೆಗೆ ಮುಂಚೆ ಮೇಲ್ಮುಖವನ್ನು ಗರಗಸದಲ್ಲಿ ಕೊಯ್ದು ಸಮತಟ್ಟು ಮಾಡಿದ್ದಾರೆ. ಮುಖ ಚಪ್ಪಟೆ ಇರಬೇಕು ಅನ್ನುವುದು ನಿಯಮ ಅಂತೆ. ಹಾಗಾದರೆ ಜನ ತುಳಿಯುವ ಪದರವನ್ನು ಎಸೆದು, ತುಳಿಯದ ಕಲ್ಲನ್ನು ಅಳೆದ ಹಾಗಾಯಿತಲ್ವಾ? ಇಂಥ ಕಲ್ಲನ್ನು ಸರಿಯಾಗಿ ಪರೀಕ್ಷೆ ಮಾಡಿದವರು ಯಾರಾದರೂ ಇದ್ದೀರಾ?

ತೇಯ್ಮಾನ:
ಸರ್, ನಾನು ಈ ಯಂತ್ರದ ಮುಂದೆಯೇ ಬಹಳ ವರ್ಷ ಕಳೆದವನು. ನಿಮ್ಮ ಅನುಮಾನ ಸರಿ ಇದೆ. ಆದರೆ ಪ್ರಯೋಗಾಲಯದವರು ತಪ್ಪು ಮಾಡಿಲ್ಲ. ಅವರು ಹೊಸ ಕಲ್ಲಿನ ಪರೀಕ್ಷೆಯನ್ನು ಹಳೆ ಕಲ್ಲಿಗೆ ಮಾಡಿದ್ದಾರೆ, ಅಷ್ಟೆ.

ಬೋಮೆ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹೇಳಿದರೆ ಎಲ್ಲಿ ಎಡವಿದ್ದೇವೆ ಎಂದು ಗೊತ್ತಾಗುತ್ತದೆ. ಕಲ್ಲಿನ ಸವೆತ ಪರೀಕ್ಷೆಗೆ ಯುರೋಪಿನ ನಿಯಮವಾದ ಇಎನ್ 14157 ಪ್ರಕಾರ ಸುಮಾರು 71 ಮಿ.ಮೀ. ಬದಿಯ ಚೌಕ ತುಂಡು ಬೇಕು. ತೇಯುವ ಮುಖದ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ತಿರುಗುವ ತಟ್ಟೆಯ ಮೇಲೆ 20 ಗ್ರಾಂ ಕೊರಂಡಮ್ ಎಂಬ ಬಹಳ ಗಡಸು ಖನಿಜದ ಪುಡಿ ಹರಡುತ್ತೇವೆ. ಕಲ್ಲನ್ನು 294 ನ್ಯೂಟನ್ ಭಾರದಲ್ಲಿ, ಅಂದರೆ ಹತ್ತಿರ ಹತ್ತಿರ 30 ಕಿಲೋ ತೂಕದಲ್ಲಿ, ಅದರ ಮೇಲೆ ಒತ್ತುತ್ತೇವೆ. ತಟ್ಟೆ 22 ಸುತ್ತು ತಿರುಗಿದರೆ ಒಂದು ಸರದಿ. ಪುಡಿ ಗುಡಿಸಿ, ಹೊಸ ಪುಡಿ ಹಾಕಿ, ಕಲ್ಲನ್ನು 90 ಡಿಗ್ರಿ ತಿರುಗಿಸಿ ಮುಂದಿನ ಸರದಿ. ಹೀಗೆ 16 ಸರದಿ, ಒಟ್ಟು 352 ಸುತ್ತು. ಕೊನೆಗೆ ಎಷ್ಟು ಕಲ್ಲು ಹೋಯಿತು ಎಂದು ಲೆಕ್ಕ ಹಾಕಿ ಒಂದು ಸಂಖ್ಯೆ ಬರೆಯುತ್ತೇವೆ.

ಆ ಒಂದು ಸಂಖ್ಯೆಯೇ ತೊಂದರೆ. ಹೊಸ ಕಲ್ಲು ಮೇಲಿಂದ ಕೆಳಗಿನವರೆಗೆ ಒಂದೇ ಥರ ಇರುತ್ತದೆ. ಮೊದಲ ಸರದಿಯಲ್ಲಿ ಹೋದಷ್ಟೇ ಹದಿನಾರನೆಯದರಲ್ಲೂ ಹೋಗುತ್ತದೆ. ಆದ್ದರಿಂದ ಒಟ್ಟು ಸಾಕು. ಹಳೆ ಕಲ್ಲು ಹಾಗಲ್ಲ. ಮೇಲಿನ ಎರಡು ಮಿ.ಮೀ. ಒಂದು ಕಲ್ಲು, ಅದರ ಕೆಳಗೆ ಇನ್ನೊಂದು ಕಲ್ಲು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಎರಡರ ಬಗ್ಗೆಯೂ ಏನೂ ತಿಳಿಯುವುದಿಲ್ಲ.

ನಾನು ಮಾಡುವುದು ಇಷ್ಟು. ಮುಖ ಕೊಯ್ಯುವುದಿಲ್ಲ. ತುಂಡನ್ನು ಬದಿಯಿಂದ ಮಾತ್ರ ಕತ್ತರಿಸುತ್ತೇನೆ. ಚೂರೂ ತೇಯುವ ಮೊದಲೇ ತೂಕ ಮತ್ತು ದಪ್ಪ ಬರೆದುಕೊಳ್ಳುತ್ತೇನೆ. ಸಮತಟ್ಟು ಮಾಡುವಾಗ ಹೋದದ್ದನ್ನೂ ಬಿಡದೆ ಬರೆಯುತ್ತೇನೆ. ಹೆಚ್ಚಿನ ವರದಿಗಳಲ್ಲಿ ಈ ಅಂಕಿ ಇರುವುದೇ ಇಲ್ಲ, ಆದರೆ ಹಳೆ ಕಲ್ಲಿಗೆ ಅದೇ ಮುಖ್ಯ. ಆಮೇಲೆ ಪ್ರತಿ ಎರಡು ಸರದಿಗೊಮ್ಮೆ ತೂಗುತ್ತೇನೆ. ಅದೇ ಚಪ್ಪಡಿಯ ಒಳಭಾಗದಿಂದ ಇನ್ನೊಂದು ತುಂಡು ತೆಗೆದು ಅದಕ್ಕೂ ಹಾಗೇ ಮಾಡುತ್ತೇನೆ. ಎರಡು ಗೆರೆಗಳನ್ನು ಒಂದೇ ಕಾಗದದಲ್ಲಿ ಎಳೆದರೆ ಕಲ್ಲು ತಾನೇ ಮಾತಾಡುತ್ತದೆ.

ಉಳಿಪೆಟ್ಟು:
ನಾನು ಕಲ್ಲು ಕೆಲಸದವನು. ಯಂತ್ರದ ವಿಷಯ ನಿಮಗೇ ಗೊತ್ತು. ಒಂದು ಮಾತು ಕೇಳಬೇಕು. ಆ ಆರು ತುಂಡುಗಳನ್ನು ಯಾವ ಚಪ್ಪಡಿಯಿಂದ ತೆಗೆದಿರಿ? ಸಾಮಾನ್ಯವಾಗಿ ಕತ್ತರಿಸುವಾಗ ಒಡೆಯದೆ ಉಳಿದ ಕಲ್ಲನ್ನೇ ಪರೀಕ್ಷೆಗೆ ಕಳಿಸುತ್ತಾರೆ. ಪುಡಿಯಾಗುವ ಕಲ್ಲು ಗರಗಸದ ಹತ್ತಿರವೇ ಉಳಿಯುವುದಿಲ್ಲ. ಗಟ್ಟಿ ಕಲ್ಲು ಮಾತ್ರ ಪ್ರಯೋಗಾಲಯ ತಲುಪಿದರೆ ಫಲಿತಾಂಶ ಗಟ್ಟಿಯಾಗಿಯೇ ಬರುತ್ತದೆ.

ಹಾಸುಗಲ್ಲು:
ನಿಮ್ಮ ಮಾತು ನಿಜ. ಹನ್ನೊಂದು ಕಲ್ಲಿಗೆ ಗರಗಸ ಹಾಕಿದ್ದೆವು. ಐದು ಅಂಚು ಉದುರಿ ಹಾಳಾದವು. ಉಳಿದ ಆರನ್ನು ಕಳಿಸಿದೆವು. ಆ ಐದರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇಲ್ಲ. ನಾವೇ ಹೇಳಿರಲಿಲ್ಲ.

ಉಳಿಪೆಟ್ಟು:
ಆ ಐದೇ ನಿಮಗೆ ಉತ್ತರ ಕೊಡುತ್ತಿದ್ದವು. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ಹೀಗೇ ಮಾಡುತ್ತಾರೆ. ಮೊದಲು ಎಲ್ಲ ಚಪ್ಪಡಿಗಳನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಅಂದರೆ ಒಂದು ಗುಂಪು. ಡಬ್ ಅಂದರೆ ಒಳಗೆ ಪದರ ಬಿಟ್ಟಿದೆ, ಅದು ಇನ್ನೊಂದು. ಸದ್ದು ಚೆನ್ನಾಗಿದ್ದೂ ಮೇಲೆ ಕಾಳು ಬಿಡುವುದು ಮೂರನೆಯದು. ಪ್ರತಿ ಗುಂಪಿನಿಂದಲೂ ಬೇರೆ ಬೇರೆ ತುಂಡು ಕಳಿಸಿ. ಮಣ್ಣು ತಾಗಿದ್ದ ಕೆಳಮುಖವನ್ನು ಹೊಸ ಕಲ್ಲು ಅಂದುಕೊಳ್ಳಬೇಡಿ. ಕೆಳಗಿನ ತೇವ, ಉಪ್ಪು ತಿಂದು ಅದು ಮೇಲ್ಮುಖಕ್ಕಿಂತ ಕೆಟ್ಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಗುಚಿ ಹಾಕಿದರೆ ಸರಿಹೋಗುತ್ತದೆ ಎಂದು ಹೇಳುವವರು ಒಮ್ಮೆ ಮಗುಚಿ ಉಗುರಿನಿಂದ ಕೆರೆದು ನೋಡಲಿ.

ಮರುಬಳಕೆ:
ವಾಸ್ತುಶಿಲ್ಪಿಯಾಗಿ ಒಂದು ಬೇರೆ ಮಾತು ಹೇಳುತ್ತೇನೆ. ಮೇಲಿನ ಕೆಟ್ಟ ಪದರವನ್ನು ಇಟ್ಟುಕೊಂಡು ಏಕೆ ಒದ್ದಾಡಬೇಕು? 5 ಮಿ.ಮೀ. ಕೆತ್ತಿ ತೆಗೆದುಬಿಡಿ. ಆಗ ಪ್ರಯೋಗಾಲಯ ಅಳೆದ ಕಲ್ಲೂ ಜನ ತುಳಿಯುವ ಕಲ್ಲೂ ಒಂದೇ ಆಗುತ್ತವೆ. ವರದಿಯೂ ಸರಿಯಾಗುತ್ತದೆ.

ಸೂಕ್ಷ್ಮದರ್ಶಕ:
ಮೇಡಂ, 5 ಮಿ.ಮೀ. ಎಂಬ ಅಂಕಿ ಎಲ್ಲಿಂದ ಬಂತು? ಎಲ್ಲ ಕಲ್ಲೂ ಒಂದೇ ಆಳಕ್ಕೆ ಕೆಡುವುದಿಲ್ಲ, ಒಂದೇ ರೀತಿಯಲ್ಲೂ ಕೆಡುವುದಿಲ್ಲ. ನಾನು ಕಲ್ಲಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸದಲ್ಲಿದ್ದೇನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮರಳುಗಲ್ಲಿನಲ್ಲಿ ಬೆಣಚಿನ ಕಾಳುಗಳು ಕೆಡುವುದಿಲ್ಲ. ಕಾಳುಗಳನ್ನು ಹಿಡಿದಿಟ್ಟ ಅಂಟು ಕೆಡುತ್ತದೆ. ಅಂಟು ಸುಣ್ಣದ್ದಾದರೆ ಮಳೆನೀರು ಕರಗಿಸುತ್ತದೆ. ಜೇಡಿಯದಾದರೆ ನೆನೆದು ಉಬ್ಬಿ, ಒಣಗಿ ಕುಗ್ಗಿ ಸಡಿಲವಾಗುತ್ತದೆ. ಆದರೆ ಕೆಲವು ಮರಳುಗಲ್ಲುಗಳಲ್ಲಿ ಉಲ್ಟಾ ನಡೆಯುತ್ತದೆ. ಒಳಗಿನ ತೇವ ಹೊರಗೆ ಬಂದು ಆರುವಾಗ ಕರಗಿದ ಸುಣ್ಣ, ಸಿಲಿಕಾ, ಕಬ್ಬಿಣದ ಅಂಶವನ್ನು ಮೇಲ್ಮೈಯಲ್ಲಿ ಬಿಟ್ಟುಹೋಗುತ್ತದೆ. ಮೇಲೆ ಗಟ್ಟಿ ಚಿಪ್ಪು ಕಟ್ಟುತ್ತದೆ, ಅದರ ಅಡಿಯ ಕಲ್ಲು ಪೊಳ್ಳಾಗುತ್ತದೆ. ಅಂಥ ಕಲ್ಲಿನ ಮುಖ ಕೆತ್ತಿದರೆ ಇದ್ದ ಒಂದೇ ರಕ್ಷಣೆಯನ್ನೂ ತೆಗೆದಂತೆ.

ಗ್ರಾನೈಟ್‌ನದು ಇನ್ನೊಂದು ಕಥೆ. ಅದರ ಫೆಲ್ಡ್‌ಸ್ಪಾರ್ ಎಂಬ ಖನಿಜ ನಿಧಾನವಾಗಿ ಜೇಡಿಯಾಗುತ್ತದೆ, ಕಪ್ಪು ಅಭ್ರಕ ತುಕ್ಕು ಹಿಡಿದು ಉಬ್ಬುತ್ತದೆ. ಬೆಣಚು ಹಾಗೇ ಉಳಿದರೂ ಪಕ್ಕದವರಿಲ್ಲದೆ ಸಡಿಲವಾಗುತ್ತದೆ. ಅಮೃತಶಿಲೆಯಲ್ಲಿ ಕ್ಯಾಲ್ಸೈಟ್ ಹರಳು ಬಿಸಿಯಾದಾಗ ಒಂದು ದಿಕ್ಕಿಗೆ ಹಿಗ್ಗುತ್ತದೆ, ಅದಕ್ಕೆ ಅಡ್ಡ ದಿಕ್ಕಿಗೆ ಕುಗ್ಗುತ್ತದೆ. ದಿನ ದಿನದ ಬಿಸಿಲಿಗೆ ಹರಳು ಹರಳಿನ ನಡುವಿನ ಹಿಡಿತ ಬಿಟ್ಟು, ಕೊನೆಗೆ ಸಕ್ಕರೆಯಂತೆ ಉದುರುತ್ತದೆ. ಇದು ಬರೀ ಮೇಲ್ಮೈಯಲ್ಲಿ ಆಗುವ ಕೆಲಸವಲ್ಲ, ತೆಳು ಹಲಗೆಯಾದರೆ ಇಡೀ ದಪ್ಪವೇ ಹಾಗಾಗಬಹುದು. ಆಗ 5 ಮಿ.ಮೀ. ತೆಗೆದರೂ 10 ತೆಗೆದರೂ ಅದೇ ಕಲ್ಲು.

ಉಳಿಪೆಟ್ಟು:
ಇದಕ್ಕೆ ಸೇರಿಸಿ ಒಂದು ಮಾತು. ಕೆತ್ತುವುದರಿಂದಲೂ ಕಲ್ಲು ಸಾಯುತ್ತದೆ. ಮುಖದ ತುಂಬ ಮೊನೆಗಳಿರುವ ಬುಷ್ ಹ್ಯಾಮರ್‌ನಿಂದ ಬಡಿದರೆ ಮೇಲಿನ ಕೆಲವು ಮಿ.ಮೀ. ಒಳಗೊಳಗೇ ಬಿರುಕು ಬಿಡುತ್ತದೆ. ನೋಡಲು ಹೊಸದಾಗಿ ಹೊಳೆಯುತ್ತದೆ, ಒಂದು ಮಳೆಗಾಲ ಕಳೆದರೆ ಪುಡಿ ಬಿಡುತ್ತದೆ. ತೆಗೆಯಲೇಬೇಕಾದರೆ ಗರಗಸ ಅಥವಾ ಸಾಣೆಯಿಂದ ತೆಗೆಯಿರಿ, ಬಡಿಯಬೇಡಿ.

ಮರುಬಳಕೆ:
ಚಿಪ್ಪು ಕಟ್ಟುವ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಹಾಗಾದರೆ ಕೆಟ್ಟ ಪದರ ಎಷ್ಟು ಆಳ ಇದೆ ಎಂದು ಕತ್ತರಿಸದೆ ತಿಳಿಯುವುದು ಹೇಗೆ? ಪ್ರತಿ ಚಪ್ಪಡಿಯಿಂದಲೂ ತುಂಡು ತೆಗೆದರೆ ಹಾಸಲು ಕಲ್ಲೇ ಉಳಿಯುವುದಿಲ್ಲ.

ಸೂಕ್ಷ್ಮದರ್ಶಕ:
ಮೂರು ದಾರಿ ಹೇಳಬಲ್ಲೆ. ನನಗೆ ಹೆಚ್ಚು ನಂಬಿಕೆ ಇರುವುದು ಕೊರೆತದ ಪರೀಕ್ಷೆಯಲ್ಲಿ. ಸುಮಾರು 5 ಮಿ.ಮೀ. ದಪ್ಪದ ವಜ್ರದ ಮೊನೆಯನ್ನು ಒಂದೇ ವೇಗದಲ್ಲಿ ಕಲ್ಲಿನೊಳಗೆ ಇಳಿಸುತ್ತಾರೆ. ಮುಂದೆ ಹೋಗಲು ಎಷ್ಟು ಬಲ ಬೇಕಾಯಿತು ಎಂದು ಆಳ ಆಳಕ್ಕೂ ಯಂತ್ರ ಬರೆದಿಡುತ್ತದೆ. ಚಿಪ್ಪು ಕಟ್ಟಿದ ಕಲ್ಲಿನಲ್ಲಿ ಗೆರೆ ಮೊದಲು ಮೇಲೇರಿ, ಆಮೇಲೆ ಕುಸಿದು, ಒಳಗಿನ ಒಳ್ಳೆಯ ಕಲ್ಲು ಸಿಕ್ಕಾಗ ಮತ್ತೆ ಏರುತ್ತದೆ. ಪುಡಿ ಬಿಡುವ ಕಲ್ಲಿನಲ್ಲಿ ಕೆಳಗಿಂದ ಶುರುವಾಗಿ ನಿಧಾನ ಏರುತ್ತದೆ. ಉಳಿಯುವುದು ಒಂದು ಸಣ್ಣ ತೂತು, ಅದನ್ನು ಮುಚ್ಚಬಹುದು.

ಎರಡನೆಯದು ಶಬ್ದದ ಅಲೆ. ಕಲ್ಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಅದು ಎಷ್ಟು ಬೇಗ ಸಾಗುತ್ತದೆ ಎಂದು ನೋಡುವುದು. ಅಮೃತಶಿಲೆಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಹೊಸ ಅಮೃತಶಿಲೆಯಲ್ಲಿ ಸೆಕೆಂಡಿಗೆ 5 ಕಿ.ಮೀ.ಗಿಂತ ಹೆಚ್ಚು ವೇಗ ಇರುತ್ತದೆ. 2 ಕಿ.ಮೀ.ಗಿಂತ ಕೆಳಗೆ ಬಂದರೆ ಆ ಕಲ್ಲನ್ನು ತುಳಿಯಲು ಬಿಡಬಾರದು. ಮೂರನೆಯದು ಅಂಟುಪಟ್ಟಿ. ಪಟ್ಟಿಯನ್ನು ತೂಗಿ, ಮೇಲ್ಮೈಗೆ ಒತ್ತಿ ಅಂಟಿಸಿ, ಕಿತ್ತು ಮತ್ತೆ ತೂಗಿ. ಒಂದೇ ಜಾಗದಲ್ಲಿ ಹತ್ತು ಸಲ ಮಾಡಿ. ಪ್ರತಿ ಸಲವೂ ಅಷ್ಟೇ ಕಾಳು ಬಂದರೆ ಪದರ ಆಳವಾಗಿ ಸಡಿಲವಾಗಿದೆ. ಬೇಗ ಕಮ್ಮಿಯಾದರೆ ಮೇಲಿನ ಧೂಳು ಅಷ್ಟೆ. ಇವು ಯಾವುವೂ ಸವೆತವನ್ನು ನೇರ ಅಳೆಯುವುದಿಲ್ಲ. ಯಾವ ಚಪ್ಪಡಿಯಿಂದ ತುಂಡು ತೆಗೆಯಬೇಕು, ಎಷ್ಟು ಆಳದವರೆಗೆ ತೇಯಬೇಕು ಎಂದು ಹೇಳುತ್ತವೆ.

ಹಾಸುಗಲ್ಲು:
ಇನ್ನೊಂದು ಪ್ರಯೋಗಾಲಯ ಅಗಲ ಚಕ್ರದ ಪರೀಕ್ಷೆ ಮಾಡಿಕೊಡುತ್ತೇನೆ, ಅದಕ್ಕೆ ಮುಖ ಕೊಯ್ಯುವುದು ಬೇಡ ಎನ್ನುತ್ತಿದೆ. ಅದು ಸಾಕಾ?

ತೇಯ್ಮಾನ:
ಅದೂ ಒಳ್ಳೆಯದೇ. ಇಎನ್ 14157ರಲ್ಲಿ ಅದೇ ಮೊದಲ ವಿಧಾನ. 200 ಮಿ.ಮೀ. ವ್ಯಾಸ, 70 ಮಿ.ಮೀ. ಅಗಲದ ಉಕ್ಕಿನ ಚಕ್ರ ಒಂದು ನಿಮಿಷದಲ್ಲಿ 75 ಸುತ್ತು ತಿರುಗುತ್ತದೆ. ಚಕ್ರಕ್ಕೂ ಕಲ್ಲಿಗೂ ನಡುವೆ ಕೊರಂಡಮ್ ಪುಡಿ ಸುರಿಯುತ್ತಿರುತ್ತದೆ. ಕಲ್ಲಿನ ಮೇಲೆ ಒಂದು ತಗ್ಗು ಬೀಳುತ್ತದೆ. ಅದರ ಅಗಲವೇ ಫಲಿತಾಂಶ.

ಆದರೆ ಇಲ್ಲಿ ಎರಡು ವಿಷಯ ಗಮನಿಸಿ. ತಗ್ಗಿನ ಅಗಲ 20 ಮಿ.ಮೀ. ಬಂದರೆ ಅದರ ಆಳ ಎಷ್ಟು ಗೊತ್ತಾ? ಚಕ್ರದ ಬಾಗನ್ನು ಹಿಡಿದು ಲೆಕ್ಕ ಹಾಕಿ, ಅರ್ಧ ಮಿ.ಮೀ. ಮಾತ್ರ. ಅಂದರೆ ಈ ಪರೀಕ್ಷೆ ಕಲ್ಲಿನ ತೊಗಲನ್ನಷ್ಟೇ ನೋಡುತ್ತದೆ. ಚಿಪ್ಪು ಕಟ್ಟಿದ ಕಲ್ಲಿಗೆ ಒಳ್ಳೆಯ ಅಂಕಿ ಬರುತ್ತದೆ, ಕೆಳಗಿನ ಪೊಳ್ಳು ಕಾಣುವುದೇ ಇಲ್ಲ. ಎರಡನೆಯದು, ಅಗಲದ ಅಂಕಿ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. 20 ಮತ್ತು 25 ಹತ್ತಿರ ಹತ್ತಿರ ಇವೆ ಅನ್ನಿಸುತ್ತದೆ. ಆದರೆ ಹೋದ ಕಲ್ಲಿನ ಪ್ರಮಾಣ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. 25ರ ತಗ್ಗಿನಲ್ಲಿ 20ರದ್ದಕ್ಕಿಂತ ಸುಮಾರು ಎರಡು ಪಟ್ಟು ಕಲ್ಲು ಹೋಗಿರುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಮೊದಲು ಮೂಲ ಮುಖದ ಮೇಲೆ ಚಕ್ರ ಇಡಿ. ಆಮೇಲೆ ಅದೇ ತುಂಡನ್ನು 2 ಮಿ.ಮೀ. ಸಾಣೆ ಹಿಡಿದು ತೆಗೆದು, ಪಕ್ಕದಲ್ಲಿ ಇನ್ನೊಂದು ತಗ್ಗು. ಮತ್ತೆ 2 ಮಿ.ಮೀ., ಮತ್ತೊಂದು ತಗ್ಗು. ಇದು ಯಾವ ನಿಯಮದಲ್ಲೂ ಬರೆದಿಲ್ಲ. ವರದಿಯಲ್ಲಿ ಹಾಗೆಂದು ಸ್ಪಷ್ಟವಾಗಿ ಹೇಳಿದರೆ ಆಯಿತು.

ಮರುಬಳಕೆ:
ನನ್ನ ಹತ್ತಿರ ಒಂದು ಹಳೆ ವರದಿ ಇದೆ, ಅಮೆರಿಕದ ಎಎಸ್‌ಟಿಎಂ ಸಿ 241 ಎಂಬ ಸವೆತ ಪರೀಕ್ಷೆಯ ನಿಯಮದ ಪ್ರಕಾರ ಮಾಡಿದ್ದು. ಅದರ ಅಂಕಿಯನ್ನು ಬೋಮೆ ಅಂಕಿಯ ಪಕ್ಕ ಇಟ್ಟು ಹೋಲಿಸಬಹುದಾ?

ತೇಯ್ಮಾನ:
ದಯವಿಟ್ಟು ಬೇಡ. ಬೋಮೆಯಲ್ಲಿ ಅಂಕಿ ಕಮ್ಮಿ ಇದ್ದಷ್ಟೂ ಕಲ್ಲು ಒಳ್ಳೆಯದು, ಏಕೆಂದರೆ ಅದು ಹೋದ ಕಲ್ಲಿನ ಲೆಕ್ಕ. ಸಿ 241ರಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅಲ್ಲಿ ಹೋದ ಕಲ್ಲಿನ ಲೆಕ್ಕವನ್ನು ತಲೆಕೆಳಗು ಮಾಡಿ ಸೂಚ್ಯಂಕ ಕೊಡುತ್ತಾರೆ. ಅಮೆರಿಕದ ನಿಯಮಗಳು ಆ ಸೂಚ್ಯಂಕದಲ್ಲಿ ಅಮೃತಶಿಲೆಗೆ ಕನಿಷ್ಠ 10, ಗ್ರಾನೈಟ್‌ಗೆ ಕನಿಷ್ಠ 25 ಕೇಳುತ್ತವೆ. ಎರಡು ವರದಿ ಅದಲುಬದಲಾಗಿ ಒಳ್ಳೆ ಕಲ್ಲನ್ನು ಎಸೆದದ್ದನ್ನು ನಾನೇ ಕಂಡಿದ್ದೇನೆ.

ಪುಡಿಯ ವಿಷಯವೂ ಹೇಳಬೇಕು. ಜನರ ಕಾಲಿನ ಅಡಿಯಲ್ಲಿ ಕಲ್ಲು ಸವೆಯುವುದು ಹೆಚ್ಚಾಗಿ ಚಪ್ಪಲಿಗೆ ಅಂಟಿದ ಮರಳಿನಿಂದ. ಮರಳೆಂದರೆ ಬೆಣಚು, ಗಡಸುತನದ ಅಳತೆಯಲ್ಲಿ 7. ನಾವು ಯಂತ್ರಕ್ಕೆ ಹಾಕುವ ಕೊರಂಡಮ್ 9. ಬೆಣಚು ಬೆಣಚನ್ನು ಸುಲಭವಾಗಿ ಗೀರುವುದಿಲ್ಲ, ಕೊರಂಡಮ್ ಈ ಕಲ್ಲುಗಳನ್ನೆಲ್ಲ ಗೀರುತ್ತದೆ. ಅದಕ್ಕೇ ಈ ಅಂಕಿಯಿಂದ ಇಷ್ಟು ವರ್ಷ ಬಾಳುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಒಂದೇ ಯಂತ್ರದಲ್ಲಿ ಒಂದು ಕಲ್ಲನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಇದು ಸರಿ.

ಸೂಕ್ಷ್ಮದರ್ಶಕ:
ಒಣಗಿಸುವುದರ ಬಗ್ಗೆ ಯಾರೂ ಮಾತಾಡಿಲ್ಲ. ತೂಗುವ ಮೊದಲು ಕಲ್ಲನ್ನು ಒಲೆಯಲ್ಲಿ ಒಣಗಿಸುತ್ತಾರಲ್ಲ, ಅಲ್ಲೇ ಹಳೆ ಕಲ್ಲು ಹಾಳಾಗುವುದು. ಹೊಗೆ, ಧೂಳು ಇರುವ ಕಡೆ ಸುಣ್ಣದ ಅಂಶವಿರುವ ಕಲ್ಲಿನ ಮೇಲೆ ಜಿಪ್ಸಮ್ ಬೆಳೆದಿರುತ್ತದೆ. ಅದನ್ನು 105 ಡಿಗ್ರಿಗೆ ಕಾಯಿಸಿದರೆ ಹರಳಿನೊಳಗಿನ ನೀರೇ ಹೊರಟುಹೋಗುತ್ತದೆ. 10 ಗ್ರಾಂ ಜಿಪ್ಸಮ್‌ನಲ್ಲಿ ಸುಮಾರು ಒಂದೂವರೆ ಗ್ರಾಂ ಹೀಗೇ ಮಾಯ. ಆ ತೂಕವೂ ಸವೆತದ ಲೆಕ್ಕಕ್ಕೆ ಸೇರಿಬಿಡಬಹುದು, ಜೊತೆಗೆ ಜಿಪ್ಸಮ್ ಪದರವೂ ಪುಡಿಯಾಗುತ್ತದೆ. ಅಮೃತಶಿಲೆಯನ್ನಂತೂ ಕಾಯಿಸುವುದೇ ಒಂದು ಪೆಟ್ಟು. ನಾನು 40 ಡಿಗ್ರಿಯಲ್ಲೇ ಒಣಗಿಸುತ್ತೇನೆ. ತೂಕ ಬದಲಾಗುವುದು ನಿಲ್ಲುವವರೆಗೆ ಕಾಯುತ್ತೇನೆ. ದಿನಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ.

ಕತ್ತರಿಸುವ ನೀರೂ ಹಾಗೆಯೇ. ಧಾರಾಳವಾಗಿ ನೀರು ಬಿಟ್ಟರೆ ಉಪ್ಪು, ಜೇಡಿ ತೊಳೆದುಹೋಗುತ್ತವೆ. ಅಂಚು ಉದುರದಿರಲಿ ಎಂದು ರಾಳ ಕುಡಿಸಿದರೆ ನೀವು ಅಳೆಯುವುದು ರಾಳವನ್ನು. ಬದಿಗಳಿಗೆ ಮಾತ್ರ ಪಟ್ಟಿ ಸುತ್ತಿ, ಮುಖಕ್ಕೆ ಏನೂ ತಾಗಿಸದೆ ಕತ್ತರಿಸಿ.

ತೇಯ್ಮಾನ:
ತೂಕವನ್ನು ಮಾತ್ರ ನಂಬಬೇಡಿ ಎನ್ನುವುದನ್ನೂ ಸೇರಿಸುತ್ತೇನೆ. ಲೆಕ್ಕಕ್ಕೆ ಒಂದು ಉದಾಹರಣೆ. ಎರಡು ತುಂಡು, ಎರಡೂ 30 ಗ್ರಾಂ ಕಳೆದುಕೊಂಡವು. ಒಂದರ ಸಾಂದ್ರತೆ 2.6, ಇನ್ನೊಂದು ಪೊಳ್ಳಾಗಿ 2.2. ತೂಕ ನೋಡಿದರೆ ಸಮ. ಮುಖದ ಎತ್ತರ ನೋಡಿದರೆ ಮೊದಲನೆಯದು 2.3 ಮಿ.ಮೀ. ತಗ್ಗಿದೆ, ಎರಡನೆಯದು 2.7. ಕಾಲಿಗೆ ಗೊತ್ತಾಗುವುದು ಎತ್ತರ, ಗ್ರಾಂ ಅಲ್ಲ. ಇನ್ನೊಂದು ಕಡೆ, ಕೊರಂಡಮ್ ಪುಡಿ ಹಳೆ ಕಲ್ಲಿನ ರಂಧ್ರಗಳಲ್ಲಿ ಕೂತುಬಿಡುತ್ತದೆ. ಅದು ಕಲ್ಲಿಗಿಂತ ಭಾರ. ತೂಕದಲ್ಲಿ ಸವೆತ ಕಮ್ಮಿ ಕಾಣುತ್ತದೆ. ಗಾಳಿ ಊದಿ ತೆಗೆಯಿರಿ, ಬ್ರಷ್ ಹಾಕಿದರೆ ಕಲ್ಲಿನ ಕಾಳೂ ಬರುತ್ತದೆ. ಪ್ರತಿ ಸಲ ಒಂಬತ್ತು ಕಡೆ ದಪ್ಪ ಅಳೆಯಿರಿ. ತೂಕವೂ ದಪ್ಪವೂ ಬೇರೆ ಬೇರೆ ಕಥೆ ಹೇಳಿದರೆ ದಪ್ಪದ ಕಡೆ ನಿಲ್ಲಿ.

ಹಾಸುಗಲ್ಲು:
ಬಹಳ ದಿನಗಳ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದಂತೆ ಮೊದಲಿಂದ ಶುರು ಮಾಡಿದೆವು. ಎಲ್ಲ ಚಪ್ಪಡಿ ತಟ್ಟಿ ಮೂರು ಗುಂಪು ಮಾಡಿದೆವು. ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಪ್ರತಿ ಗುಂಪಿನಿಂದ ಮುಖ ಕೊಯ್ಯದ ತುಂಡು, ಒಳಗಿನ ತುಂಡು ಎರಡೂ ತೆಗೆದೆವು. ಕತ್ತರಿಸುವಾಗ ಒಡೆದವನ್ನೂ ಈ ಸಲ ಬರೆದಿಟ್ಟೆವು. 40 ಡಿಗ್ರಿಯಲ್ಲಿ ಒಣಗಿಸಿ, ಎರಡು ಸರದಿಗೊಮ್ಮೆ ತೂಗಿ ದಪ್ಪ ಅಳೆದೆವು.

ಠಣ್ ಎಂದ ಗುಂಪು ಮೊದಲಿಂದ ಕೊನೆವರೆಗೆ ಒಂದೇ ಸಮ ಸವೆಯಿತು. ಒಳಗಿನ ತುಂಡಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ಮೇಲೆ ಕಾಳು ಬಿಡುವ ಗುಂಪು ಮೊದಲ ನಾಲ್ಕು ಸರದಿಯಲ್ಲಿ ಜೋರಾಗಿ ಹೋಯಿತು, ಆಮೇಲೆ ಒಳ್ಳೆ ಕಲ್ಲಿನ ಗೆರೆಗೆ ಬಂದು ಸೇರಿತು. ಡಬ್ ಎಂದ ಗುಂಪೇ ನನ್ನನ್ನು ಬೆಚ್ಚಿಬೀಳಿಸಿದ್ದು. ಮೊದಲ ಸರದಿಗಳಲ್ಲಿ ಎಲ್ಲಕ್ಕಿಂತ ಕಮ್ಮಿ ಸವೆದದ್ದು ಅದೇ. ಎಂಟನೆಯ ಸರದಿ ದಾಟಿದ ಮೇಲೆ ಗೆರೆ ಒಮ್ಮೆಲೇ ಕಡಿದಾಯಿತು. ಎರಡು ತುಂಡು ಯಂತ್ರದಲ್ಲೇ ಪದರ ಬಿಟ್ಟವು. ಸೂಕ್ಷ್ಮದರ್ಶಕ ಅವರು ಹೇಳಿದ ಚಿಪ್ಪು ಇದೇ.

ಈಗ ಮೊದಲ ಗುಂಪನ್ನು ನಡೆಯುವ ದಾರಿಗೆ ಇಡುತ್ತಿದ್ದೇವೆ. ಕಾಳು ಬಿಡುವವನ್ನು ಸಾಣೆಯಿಂದ ಅಷ್ಟೇ ಆಳ ತೆಗೆದು ಅದರ ಪಕ್ಕಕ್ಕೆ. ಚಿಪ್ಪಿನ ಕಲ್ಲುಗಳನ್ನು ಯಾರೂ ಕೆತ್ತಬಾರದು ಎಂದು ಹೇಳಿ ಗೋಡೆ ಬದಿಯ ಸಾಲಿಗೆ ಹಾಕಿದ್ದೇವೆ, ಅಲ್ಲಿ ಕಾಲು ಬೀಳುವುದು ಕಮ್ಮಿ. ಪದರ ಬಿಟ್ಟ ಜಾಗದಲ್ಲಿ ನೀರು ನಿಲ್ಲದಂತೆ ಇಳಿಜಾರನ್ನೂ ಸ್ವಲ್ಪ ಬದಲಿಸಿದೆವು.

ಮೆಟ್ಟಿಲುಗಳ ಬಗ್ಗೆ ಮಾತ್ರ ಇನ್ನೂ ಗೊಂದಲ. ಅವು ಮಳೆಗಾಲವೆಲ್ಲ ನೆನೆದಿರುತ್ತವೆ. ಒಣ ಕಲ್ಲಿನ ಫಲಿತಾಂಶ ಅಲ್ಲಿಗೆ ಸಾಕಾ?

ಸೂಕ್ಷ್ಮದರ್ಶಕ:
ಸಾಲದು. ಅಂಟಿನಲ್ಲಿ ಜೇಡಿ ಇರುವ ಮರಳುಗಲ್ಲು ನೆನೆದಾಗ ಬೇರೆಯೇ ಕಲ್ಲು. ಮೆಟ್ಟಿಲಿನ ಅಂಚಿನಿಂದ ಒಂದು ಚೂರು ಕಳಿಸಿದರೆ ತೆಳು ಪದರ ಮಾಡಿ ಜೇಡಿ ಇದೆಯಾ ಎಂದು ನೋಡಿ ಹೇಳುತ್ತೇನೆ.

ಉಳಿಪೆಟ್ಟು:
ಮೆಟ್ಟಿಲಿನ ತುಂಡು ತೆಗೆಯುವಾಗ ಪದರ ಯಾವ ಕಡೆ ಮಲಗಿದೆ ಎಂದು ಗುರುತು ಹಾಕಿ. ಪದರದ ಮೇಲೆ ತೇದರೆ ಒಂದು ಥರ, ಪದರದ ಅಂಚಿಗೆ ತೇದರೆ ಇನ್ನೊಂದು ಥರ. ಕೆಲವು ಮೆಟ್ಟಿಲುಗಳನ್ನು ಹಿಂದಿನವರು ಪದರ ನಿಲ್ಲಿಸಿ ಇಟ್ಟಿರುತ್ತಾರೆ. ಅವನ್ನು ಬೇರೆಯೇ ಗುಂಪು ಮಾಡಿ.

ತೇಯ್ಮಾನ:
ಹಾಗಾದರೆ ಮೆಟ್ಟಿಲಿನ ತುಂಡುಗಳನ್ನು ಎರಡು ಪಾಲು ಮಾಡಿ. ಒಂದು ಪಾಲು ಒಣದು. ಇನ್ನೊಂದು ಪಾಲನ್ನು ತೂಕ ಏರುವುದು ನಿಲ್ಲುವವರೆಗೆ ನೀರಲ್ಲಿ ಮುಳುಗಿಸಿ, ಹಸಿಯಾಗಿರುವಾಗಲೇ ತೇಯಿಸಿ. ಹಸಿ ಕಲ್ಲಿನಲ್ಲಿ ತೂಕದ ಲೆಕ್ಕ ಹಿಡಿಯುವುದು ಕಷ್ಟ, ಆದ್ದರಿಂದ ನಡುವೆ ದಪ್ಪ ಮಾತ್ರ ಅಳೆಯಿರಿ, ಒಣಗಿಸಿ ತೂಗುವುದು ಕೊನೆಯಲ್ಲಿ ಒಂದೇ ಸಲ. ಎರಡೂ ಗೆರೆಗಳನ್ನು ಇಲ್ಲಿ ಹಾಕಿ. ಉಳಿಪೆಟ್ಟು ಅವರ ಪದರದ ಗುರುತನ್ನೂ ಚಿತ್ರದಲ್ಲಿ ತೋರಿಸಿ, ನೋಡಿ ಹೇಳುತ್ತೇನೆ.